ಎರಡು ಚೀಲದ ನೀರು

ಅಪ್ಪನಿಗೆ ಹಟ ಹುಟ್ಟಿನಿಂದ ಬಂದದ್ದು, ನನಗೆ ಅಪ್ಪನಿಂದ ಬಂದದ್ದು. ಹಾಗಾಗಿ ನಮ್ಮಿಬ್ಬರ ಮಾತುಕತೆ ಎಂದರೆ ಜಗಳಕ್ಕೆ ಪೀಠಿಕೆ.

ಅವನು ಬಣ್ಣದ ಮೀನು ಸಾಕಿ ಮರಿ ಮಾಡಿಸುವವನು. ಇಪ್ಪತ್ತು ವರ್ಷ ಬೆಳೆಸಿದ ನೀಲಿ ತಳಿ ಹೋದ ತಿಂಗಳು ರೋಗ ತಗುಲಿ ನಿರ್ನಾಮವಾಯಿತು. ಆ ತಳಿಯ ಒಂದೇ ಒಂದು ಜೋಡಿ ಅವನ ಹಳೆಯ ಗೆಳೆಯನ ಹತ್ತಿರ ಉಳಿದಿತ್ತು. ಆ ಪುಣ್ಯಾತ್ಮ ಹೆಣ್ಣನ್ನೂ ಗಂಡನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿ ಕಳಿಸಿದ. ಎರಡು ದಿನದ ದಾರಿ. ಆ ಎರಡು ದಿನ ಅಪ್ಪ ಕೂತಲ್ಲಿ ಕೂರಲಿಲ್ಲ, ನನ್ನನ್ನೂ ಕೂರಗೊಡಲಿಲ್ಲ.

ಬೆಳಿಗ್ಗೆ ಚೀಲಗಳು ಬಂದವು. ನೀರಿನ ಬಿಸಿ ಸಮವಾಗಲಿ ಎಂದು ಕಟ್ಟು ಬಿಚ್ಚದೆ ತೊಟ್ಟಿಯಲ್ಲಿ ಅರ್ಧ ಗಂಟೆ ತೇಲಿಬಿಟ್ಟೆವು. ಅಲ್ಲಿಯವರೆಗೆ ಜಗಳವಿಲ್ಲ. ಆಮೇಲೆ ಅಪ್ಪ ಸಣ್ಣ ಕೊಳವೆ ತಂದ. ಚೀಲ ಬಿಚ್ಚಿ, ಅದರೊಳಗೆ ತೊಟ್ಟಿಯ ನೀರನ್ನು ಒಂದು ಗಂಟೆ ಹನಿಹನಿಯಾಗಿ ಬಿಟ್ಟು, ಮೀನನ್ನು ಒಗ್ಗಿಸಿಯೇ ಇಳಿಸುವುದು ಅವನ ಪದ್ಧತಿ.

“ಅಪ್ಪ, ಈ ಸಲ ಹನಿ ಬೇಡ. ಬಿಚ್ಚಿದ ತಕ್ಷಣ ತೊಟ್ಟಿಗೆ ಬಿಟ್ಬಿಡೋಣ.”

“ದಿಢೀರಂತ ಹೊಸ ನೀರಿಗೆ ಹಾಕಿದ್ರೆ ಬದುಕ್ತಾವಾ? ನಿನ್ನ ಪುಸ್ತಕ ಎಷ್ಟು ಮೀನು ಸಾಕಿದೆ ಹೇಳು!”

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಅಪ್ಪನ ಲೆಕ್ಕದಲ್ಲಿ ಅದು ಬಣ್ಣದ ನೀರಿನ ಆಟ. ಸಿಟ್ಟು ನುಂಗಿಕೊಂಡು ಹೇಳಿದೆ.

“ಹತ್ತಿರದಿಂದ ಬಂದ ಮೀನಿಗೆ ನಿನ್ನ ಹನಿ ಸರಿ. ಇವು ಎರಡು ದಿನ ಅದೇ ನೀರಲ್ಲಿ ಉಸಿರು ಬಿಟ್ಟಿವೆ, ಅದೇ ನೀರಲ್ಲಿ ಹೊಲಸು ಮಾಡಿವೆ. ಉಸಿರಿನ ಗಾಳಿ ಕರಗಿ ನೀರು ಆಮ್ಲ ಆಗಿದೆ. ಆಮ್ಲ ಇರೋ ತನಕ ಹೊಲಸಿನ ಅಮೋನಿಯಾ ಸುಮ್ನಿರುತ್ತೆ. ಚೀಲ ಬಿಚ್ಚಿದ್ರೆ ಆ ಗಾಳಿ ಹಾರಿಹೋಗಿ ಆಮ್ಲ ಇಳಿಯುತ್ತೆ, ಸಮತೋಲನ ವಿಷದ ಕಡೆ ವಾಲುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ. ಸಾಲದ್ದಕ್ಕೆ ನಿನ್ನ ತೊಟ್ಟಿ ನೀರು ಆಮ್ಲಕ್ಕೆ ಉಲ್ಟಾ, ಪ್ರತ್ಯಾಮ್ಲ. ಹನಿ ಬಿದ್ದಷ್ಟೂ ವಿಷ ಬೇಗ ಏರುತ್ತೆ.”

ಅಪ್ಪ ಚೀಲಗಳನ್ನೇ ನೋಡುತ್ತ ನಿಂತ. ಆಮೇಲೆ ಎರಡನ್ನೂ ಬೇರೆ ಬೇರೆ ಸರಿಸಿದ.

“ಹೆಣ್ಣು ನಿನ್ನ ಥರ, ಗಂಡು ನನ್ನ ಥರ. ಆಯ್ತಾ?”

ತಿಂಗಳಿಂದ ಖಾಲಿ ತೊಟ್ಟಿಗಳನ್ನೇ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ ಮನುಷ್ಯ. ಆ ಮುಖ ನೋಡಿ ಬೇಡ ಎನ್ನಲು ನಾಲಿಗೆ ಹೊರಳಲಿಲ್ಲ. “ಆಯ್ತು,” ಎಂದೆ.

ಹೆಣ್ಣು ತೊಟ್ಟಿಗೆ ಬಿದ್ದದ್ದೇ ಕಲ್ಲಿನ ಹಿಂದೆ ಸೇರಿಕೊಂಡಿತು. ಗಂಡಿನ ಚೀಲಕ್ಕೆ ಹನಿ ಶುರುವಾಯಿತು. ಐದೈದು ನಿಮಿಷಕ್ಕೆ ಆ ನೀರನ್ನು ಚೂರು ತೆಗೆದು ಪರೀಕ್ಷೆಯ ದ್ರಾವಣ ಬೆರೆಸಿ ನೋಡಿದೆ. ಆಮ್ಲ ಇದ್ದರೆ ಹಳದಿ, ಹೋದರೆ ನೀಲಿ. ಮೊದಲು ಹಳದಿ, ಆಮೇಲೆ ಹಸಿರು. ಇಪ್ಪತ್ತನೇ ನಿಮಿಷಕ್ಕೆ ನೀಲಿಗೆ ತಿರುಗಿತು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಅಪ್ಪನನ್ನು ಕೇಳದೆ ಬಲೆ ಹಾಕಿ ಎತ್ತಿ ತೊಟ್ಟಿಗೆ ಬಿಟ್ಟೆ. ತಡವಾಗಿತ್ತು. ಮಧ್ಯಾಹ್ನದೊಳಗೆ ಅದು ಹೊಟ್ಟೆ ಮೇಲಾಗಿ ತೇಲಿತು.

ಅಪ್ಪ ಕೂಗಾಡಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

“ನಿಂಗೆ ಖಂಡಿತ ಗೊತ್ತಿತ್ತಾ?” ಎಂದ.

“ಗೊತ್ತಿತ್ತು.”

“ಮತ್ಯಾಕೆ ಒಪ್ಕೊಂಡೆ?”

“ನಿಂಗೆ ಬೇಜಾರಾಗುತ್ತೆ ಅಂತ.”

ಕಲ್ಲಿನ ಹಿಂದಿನಿಂದ ಹೊರಬಂದು ಒಂಟಿಯಾಗಿ ಸುತ್ತುತ್ತಿದ್ದ ಹೆಣ್ಣನ್ನು ಅಪ್ಪ ನೋಡಿದ.

“ಈಗ ಬೇಜಾರಾಗ್ಲಿಲ್ವಾ?” ಎಂದ.