ಬಾಗಿಲ ಹಿಂದೆ, ಎರಡನೆಯದು

"ಕಾಲು ಚೆನ್ನಾಗಿ ಒರೆಸ್ಕೊಂಡು ಬನ್ನಿ ಅಕ್ಕ, ಹೊಸ ನೆಲ. ಕಲೆ ಕೂತ್ರೆ ಹೋಗಲ್ಲ," ಎಂದಳು ವಾರಗಿತ್ತಿ.

ಟೈಲ್ಸ್ ಮೇಸ್ತ್ರಿಯ ಹೆಂಡತಿ ಕಾಲೊರೆಸಿಕೊಂಡಳು. ಈ ನೆಲ ಹಾಸಿದವನು ಅವಳ ಗಂಡ. ಹದಿನೈದು ದಿನ ಅವನ ಅಂಗಿಯ ಸಿಮೆಂಟು ತಿಕ್ಕಿ ತೊಳೆದವಳು ಅವಳು. ಈಗ ಕಾಲೊರೆಸಿಕೊಳ್ಳಬೇಕಾದವಳೂ ಅವಳೇ!

ನೆಲವೇನೋ ಚೆನ್ನಾಗಿಯೇ ಇತ್ತು, ಅದೇ ಅವಳ ಸಂಕಟ. ಗೆರೆಗಳು ದಾರ ಎಳೆದಷ್ಟು ನೇರ. "ಭಾವನ ಕೈ ಅಂದ್ರೆ ಕೈ. ಮೂಲೆ ತುಂಡು ಸರಿ ಬರಲಿಲ್ಲ ಅಂತ ಮೂರು ಸಲ ಕಿತ್ತು ಹಾಕಿದ್ರು," ಎಂದು ವಾರಗಿತ್ತಿ ಹೊಗಳಿದಳು. ಮೂರು ಸಲ! ತನ್ನ ಅಡುಗೆಮನೆಯಲ್ಲಿ ಇನ್ನೂ ಬಿರುಕುಬಿಟ್ಟ ಸಿಮೆಂಟು ನೆಲ, ಕಸ ಗುಡಿಸಿದರೆ ನೆಲವೇ ಎದ್ದು ಬರುತ್ತದೆ. ಅಲ್ಲಿ ಇಲ್ಲಿ ಉಳಿದ ನೀಲಿ ಟೈಲ್ಸ್‌ಗಳನ್ನು ಬೇಡಿ ತಂದು ಮಂಚದ ಕೆಳಗೆ ಪೇರಿಸಿಟ್ಟಿದ್ದಳು. "ಬರೋ ತಿಂಗಳು ಹಾಕೋಣ," ಎನ್ನುತ್ತಲೇ ಗಂಡ ಹನ್ನೊಂದು ವರ್ಷ ಕಳೆದಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ.

ವಾರಗಿತ್ತಿ ಚಹಾ ತರಲು ಒಳಗೆ ಹೋದದ್ದೇ ತಡ, ಇವಳು ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ನೆಲ ತಟ್ಟತೊಡಗಿದಳು. ಗಂಡ ಹೀಗೆ ತಟ್ಟಿ ನೋಡುವುದನ್ನು ಎಷ್ಟು ಸಲ ಕಂಡಿಲ್ಲ! ಗಟ್ಟಿಯಾಗಿ ಕೂತ ಟೈಲ್ಸ್ ಬಾಯಿ ಬಿಡುವುದಿಲ್ಲ, ಕೆಳಗೆ ಸಿಮೆಂಟು ತುಂಬದೆ ಪೊಳ್ಳಾದದ್ದು ಡಬ್ ಎನ್ನುತ್ತದೆ. ಬಾಗಿಲ ಹಿಂದೆ ಒಂದು ಡಬ್ ಎಂದಿತು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಎರಡು ಲೋಟ ಚಹಾ ಕುಡಿದಳು.

ಮನೆಗೆ ಬಂದಾಗ ಗಂಡ ನಲ್ಲಿಯ ಹತ್ತಿರ ಸಿಮೆಂಟು ಮೆತ್ತಿದ ಕರಣೆ ತೊಳೆಯುತ್ತಿದ್ದ.

"ರೀ, ನಿಮ್ಮ ತಮ್ಮನ ಮನೇಲಿ ಒಂದು ಪೊಳ್ಳಿದೆ!"

"ಬಾಗಿಲ ಹಿಂದೆ, ಎರಡನೇದು," ಎಂದ ಅವನು, ತಲೆಯೆತ್ತದೆ.

"ಗೊತ್ತಿದ್ದೂ ಬಿಟ್ಟು ಬಂದ್ರಾ?"

"ಒಣಗಿದ ಮೇಲೆ ಗೊತ್ತಾಯ್ತು. ಕೀಳೋಕೆ ಹೋದ್ರೆ ಅಕ್ಕಪಕ್ಕದ್ದೂ ಒಡೀತವೆ. ಬೇರೆಯವರ ಮನೆ ಆದ್ರೆ ಸಾಮಾನು ತೊಳ್ಕೊಂಡು ಎದ್ದು ಬರಬಹುದು ಕಣೇ. ಇಲ್ಲಿ, ನಮ್ಮನೇಲಿ ಪೊಳ್ಳು ಬಿದ್ರೆ ಎದ್ದು ಎಲ್ಲಿಗೆ ಹೋಗ್ಲಿ? ದಿನಾ ಅದನ್ನೇ ತುಳ್ಕೊಂಡು ಓಡಾಡಬೇಕು."

ಹನ್ನೊಂದು ವರ್ಷದ 'ಬರೋ ತಿಂಗಳು' ಇದೇ ಎಂದು ಅವಳಿಗೆ ಅರ್ಥವಾಯಿತು. ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಅವಳಿಗೆ ನಿಮ್ಮ ಪೊಳ್ಳಾದ್ರೂ ಸಿಕ್ತು," ಎಂದಳು. "ನನಗೆ ಅದೂ ಇಲ್ಲ."

ಅವನು ಕರಣೆಯನ್ನು ಇನ್ನೊಮ್ಮೆ ತೊಳೆದ, ತೊಳೆಯಲು ಏನೂ ಉಳಿದಿರಲಿಲ್ಲ.

ಭಾನುವಾರ ಮಂಚದ ಕೆಳಗಿನ ಟೈಲ್ಸ್ ಹೊರಗೆ ಬಂದವು. ಅವನು ಮಂಡಿಯೂರಿ, ಉಸಿರು ಬಿಗಿಹಿಡಿದು, ಮೊದಲ ಸಲ ಕೆಲಸ ಕಲಿಯುವವನಂತೆ ಹಾಸಿದ. ಮೂಲೆ ತುಂಡನ್ನು ಐದು ಸಲ ಕಿತ್ತ. ಅವಳು ಬಾಗಿಲಲ್ಲಿ ನಿಂತು ಐದನ್ನೂ ಎಣಿಸಿದಳು. ವಾರಗಿತ್ತಿಗೆ ಮೂರೇ.

ಎರಡು ದಿನ ಬಿಟ್ಟು ಬೆಳಿಗ್ಗೆ, ಅವನು ಬಚ್ಚಲಲ್ಲಿದ್ದಾಗ, ಅವಳು ಒಂದೊಂದನ್ನೇ ತಟ್ಟಿದಳು. ಎಲ್ಲವೂ ಮೂಕ. ಒಲೆಯ ಪಕ್ಕದ್ದು ಮಾತ್ರ ಡಬ್ ಎಂದಿತು. ಬಚ್ಚಲ ಚಿಲಕ ಸರಿಯಿತು. ಅವಳು ತುಂಬಿದ ಕೊಡವನ್ನು ಎತ್ತಿ ತಂದು ಅದರ ಮೇಲಿಟ್ಟಳು.

ಅವನು ಒದ್ದೆ ಮುಖದಲ್ಲೇ ಬಂದು ಕೂತು, ಗೋಡೆಯ ಕಡೆಯಿಂದ ತಟ್ಟುತ್ತ ಬಂದ. ಕೊಡದ ಹತ್ತಿರ ಬಂದಾಗ ಕೈ ನಿಂತಿತು.

"ಇದು?"

"ಅದನ್ನ ನಾನು ನೋಡಿದೆ. ಗಟ್ಟಿ ಕೂತಿದೆ."

ಅವನು ಅವಳ ಮುಖ ನೋಡಿದ. ಕೊಡವನ್ನು ನೋಡಿದ. ಆಮೇಲೆ ಅದನ್ನು ಬಿಟ್ಟು ಮುಂದಿನದನ್ನು ತಟ್ಟಿದ. ಕೊಡದ ಬಾಯಲ್ಲಿ ನೀರು ಇನ್ನೂ ತುಳುಕುತ್ತಿತ್ತು.