ಒತ್ತದೆ ಬಿಟ್ಟ ಗುಂಡಿ

ನಾನು ಟೈಲರ್. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಆದರೆ ಹೋದ ತಿಂಗಳು ಮಾಡಿದ ತಪ್ಪನ್ನು ಬಿಚ್ಚಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನನ್ನ ಮಗಳಿಗೆ ಹನ್ನೊಂದು ವರ್ಷ. ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತೇವೆ. ಮೊಬೈಲಿನಲ್ಲಿ ಒಂದು ಆಟ ಆಡುತ್ತಾಳೆ. ಇಟ್ಟಿಗೆ ಜೋಡಿಸಿ ಮನೆ, ಅಂಗಡಿ ಕಟ್ಟುವುದು, ಕಟ್ಟಿದ್ದನ್ನು ಎಲ್ಲರಿಗೂ ಹಂಚುವುದು. ಬೇರೆ ಮಕ್ಕಳು ಅದರೊಳಗೆ ಬಂದು ಓಡಾಡುತ್ತಾರೆ. ಗುಬ್ಬಿ ನನ್ನ ಅಂಗಡಿಯನ್ನೇ ಕಟ್ಟಿದ್ದಳು. ಮಿಷನ್ನು, ಕತ್ತರಿ, ತುಂಡು ಬಟ್ಟೆಯ ಬುಟ್ಟಿ, ಒಂದನ್ನೂ ಬಿಟ್ಟಿರಲಿಲ್ಲ. ನೋಡಿ ನನಗೆ ಹಿಗ್ಗೋ ಹಿಗ್ಗು.

ಒಂದು ದಿನ ಸ್ಕೂಲಿಂದ ಬಂದವಳೇ ಮೊಬೈಲನ್ನು ನನ್ನ ಮುಂದೆ ಹಿಡಿದಳು.

"ಅಮ್ಮಾ, ಯಾರೋ ನನ್ನ ಅಂಗಡೀನ ಹಾಗೇ ನಕಲು ಮಾಡಿದ್ದಾರೆ. ಗೋಡೆ ನೋಡು."

ಕೆಂಪು ಇಟ್ಟಿಗೆಗಳನ್ನೇ ಅಕ್ಷರವಾಗಿ ಜೋಡಿಸಿದ್ದರು: ಬಟ್ಟೆ ಕದಿಯೋ ಅಮ್ಮ, ಚಿಂದಿ ಉಡೋ ಮಗಳು.

ಮೈಯೆಲ್ಲ ಉರಿಯಿತು. ಗಿರಾಕಿಗಳು ಬೇಡವೆಂದು ಬಿಟ್ಟ ತುಂಡುಗಳನ್ನು ಕೂಡಿಸಿ ಗುಬ್ಬಿಗೆ ಫ್ರಾಕ್ ಹೊಲಿದಿದ್ದೆ, ನಿಜ. ಅದನ್ನು ಹಾಕಿಕೊಂಡು ಅವಳು ಬೀದಿಯೆಲ್ಲ ಮೆರೆದಿದ್ದಳು.

ಮೊಬೈಲಿನಲ್ಲಿ ಆ ಗೋಡೆಯ ಕೆಳಗೆ ಒತ್ತುವ ಗುಂಡಿ ಎರಡಿದ್ದವು. ಒಂದು 'ದೂರು', ಇನ್ನೊಂದು 'ಮರೆಮಾಡು'.

"ದೂರು ಒತ್ತಲಾ ಅಮ್ಮ?"

"ಬೇಡ. ಚಾಡಿ ಹೇಳೋದು ನಮಗ್ಯಾಕೆ? ಮರೆಮಾಡು ಒತ್ತು, ಸಾಕು."

ಒತ್ತಿದಳು. ಗೋಡೆ ಮಾಯ. "ಪೀಡೆ ತೊಲಗ್ತು ನೋಡು" ಎಂದು ಮತ್ತೆ ಕಾಜಾ ಹೊಲಿಯಲು ಕೂತೆ. ಇಪ್ಪತ್ತು ವರ್ಷದಿಂದ ಗುಂಡಿ ಹೊಲಿಯುವವಳಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯಲಿಲ್ಲ.

ಆಮೇಲೆ ಗುಬ್ಬಿ ಆ ಫ್ರಾಕ್ ಮುಟ್ಟಲಿಲ್ಲ. ಹೊಟ್ಟೆನೋವು ಎಂದು ಸ್ಕೂಲಿಗೆ ಚಕ್ಕರ್ ಹೊಡೆದಳು. ನಾಟಕ ಆಡಬೇಡ ಎಂದು ಗದರಿದೆ.

ಹದಿನಾರನೇ ದಿನ ಅವಳ ಕಂಪ್ಯೂಟರ್ ಟೀಚರ್ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಅಳತೆ ತೆಗೆಯುತ್ತಿದ್ದಾಗ ಮೆಲ್ಲಗೆ ಕೇಳಿದರು.

"ಅಕ್ಕಾ, ಆ ಗೋಡೆ ವಿಷಯ ನಿಮಗೆ ಗೊತ್ತಾ? ಇವತ್ತೂ ಕ್ಲಾಸಲ್ಲಿ ಮಕ್ಕಳು ನೋಡಿ ನಗ್ತಿದ್ರು."

"ಅದು ಅವತ್ತೇ ಹೋಯ್ತಲ್ಲ ಮೇಡಂ! ಮರೆಮಾಡಿದ್ವಿ."

"ಅಯ್ಯೋ, ಅದು ನಿಮ್ಮ ಮೊಬೈಲಲ್ಲಿ ಮಾತ್ರ ಕಾಣಲ್ಲ. ನಿಮ್ಮ ಕಿಟಕಿಗೆ ಪರದೆ ಹಾಕ್ಕೊಂಡ ಹಾಗೆ. ಬೀದೀಲಿರೋರಿಗೆಲ್ಲ ಕಾಣ್ತಾನೇ ಇದೆ."

ಟೇಪು ಕೆಳಗಿಟ್ಟು ಕೇಳಿದೆ.

"ಕೆಟ್ಟ ಮಾತು ಬಂದ್ರೆ ಆಟದವರೇ ತಡೀತಾರೆ ಅಂತಾರಲ್ಲ?"

"ಫಿಲ್ಟರ್ ಅಂತ ಒಂದು ಜರಡಿ ಇಟ್ಟಿದ್ದಾರೆ. ಟೈಪ್ ಮಾಡಿದ ಬೈಗುಳ ಹಿಡಿಯುತ್ತೆ. ಇಟ್ಟಿಗೇಲಿ ಬರೆದಿದ್ದು, ಅದೂ ನಮ್ಮ ಭಾಷೇಲಿ, ಅದರ ಕಣ್ಣಿಗೆ ಬರೀ ಗೋಡೆ. ನಾವು ದೂರು ಕೊಟ್ರೆ ಜನ ಕೂತು ನೋಡ್ತಾರೆ, ತೆಗೀತಾರೆ. ಇಂಥದ್ದನ್ನ ಹಿಡಿಯೋದು ಹೇಗೆ ಅಂತ ಜರಡಿಗೂ ಕಲಿಸ್ತಾರೆ."

"ಒಬ್ಬ ಟೈಲರ್ ಮಾತು ಯಾರು ಕೇಳ್ತಾರೆ? ಆಮೇಲೆ ಆ ಗೋಡೆ ಕಟ್ಟಿದೋರು ಗುಬ್ಬಿ ಮೇಲೇ ಬಿದ್ರೆ?"

"ದೂರು ಕೊಟ್ಟೋರು ಯಾರು ಅಂತ ಈ ಆಟದಲ್ಲಿ ಹೇಳಲ್ಲ. ಎಲ್ಲರೂ ನಿಮ್ಮ ಹಾಗೇ ಸುಮ್ಮನಿದ್ರೆ ಜರಡಿ ತೂತು ಮುಚ್ಚೋದು ಯಾವಾಗ ಅಕ್ಕಾ?"

ಗುಬ್ಬಿಯನ್ನು ಕರೆದೆವು. ಮರೆ ತೆಗೆದು, ಗೋಡೆಯ ಚಿತ್ರ ಉಳಿಸಿಕೊಂಡು, 'ದೂರು' ಒತ್ತಿದೆವು. ಇಟ್ಟಿಗೆಗಳಲ್ಲಿ ಏನು ಬರೆದಿದೆ, ಅದರ ಅರ್ಥವೇನು ಎಂದು ಟೀಚರ್ ಬಿಡಿಸಿ ಬರೆದರು. ಮಾರನೇ ದಿನ ಗೋಡೆ ಎಲ್ಲರ ಮೊಬೈಲಿನಿಂದಲೂ ಹೋಯಿತು. ಒಂದು ದಿನದ ಕೆಲಸ. ನಾನು ಅದಕ್ಕೆ ಹದಿನಾರು ದಿನ ತಡಮಾಡಿದ್ದೆ.

ಗುಬ್ಬಿ ಈಗ ಸ್ಕೂಲಿಗೆ ಹೋಗುತ್ತಾಳೆ. ಫ್ರಾಕ್ ಮಾತ್ರ ಇನ್ನೂ ಮೊಳೆಯಲ್ಲೇ ನೇತಾಡುತ್ತಿದೆ. ಮೊನ್ನೆ ಆಟದಲ್ಲಿ ಹೊಸ ಮನೆ ಕಟ್ಟಿ ತೋರಿಸಿದಳು. ಬಾಗಿಲೇ ಇಲ್ಲ.

"ಬಾಗಿಲು ಇಡೋದು ಮರೆತ್ಯಲ್ಲೇ" ಎಂದೆ.

"ಮರೆತಿಲ್ಲಮ್ಮ" ಎಂದಳು.

ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮಗು ಮೊಬೈಲ್ ತಂದು "ಇದನ್ನ ನೋಡು" ಎಂದರೆ ಕೈಯಲ್ಲಿರುವ ಕೆಲಸ ಬಿಟ್ಟು ನೋಡಿ. ಮರೆಮಾಡಿ ಸುಮ್ಮನಾಗಬೇಡಿ. ಚಿತ್ರ ಉಳಿಸಿಕೊಂಡು ದೂರು ಕೊಡಿ, ನಮ್ಮ ಭಾಷೆಯ ಮಾತಾಗಿದ್ದರೆ ಅರ್ಥವನ್ನೂ ಬರೆಯಿರಿ. ದೂರು ಚಾಡಿಯಲ್ಲ. ಅವತ್ತು ನನ್ನ ಮಗಳು "ಒತ್ತಲಾ ಅಮ್ಮ?" ಎಂದು ಕೇಳಿದ್ದಳು. ನಿಮ್ಮ ಮಗು ಕೇಳಿದಾಗ "ಒತ್ತು" ಎನ್ನಿ.