ಎರಡು ಬೆರಳಿನ ಸಂದು

ಮೇಲಿನಿಂದ ಒಂದು ಖರ್ಜೂರ ಉದುರಿ ಇದಿನಬ್ಬನ ಹೆಗಲಿಗೆ ತಾಗಿ ಜಾರಿತು, ಬಿಸಿಲಿಗೆ ಬೆಂದು ಬೆಲ್ಲದ ಪಾಕದಂತಾದ ಹಣ್ಣು, ಮೂಗಿಗೇ ಸಿಹಿ ಹತ್ತುತ್ತದೆ, ನೋಡಬಾರದು, ನೋಂಬು ಹಿಡಿದ ದಿನ ಹಣ್ಣಿನ ಮುಖ ನೋಡಬಾರದು — ಸೌದಿಯ ಈ ಬುರೈದಾದ ತೋಟಗಳಲ್ಲೆಲ್ಲ ಕೊಯ್ಲು, ಮರದ ಮೇಲೆ ನೋಣಯ, ಊರಿನಲ್ಲಿ ಕಳ್ಳು ಇಳಿಸುತ್ತಿದ್ದವನು ಇಲ್ಲಿ ಹಾಜಿಗಳಿಗೆ ಖರ್ಜೂರ ಇಳಿಸುತ್ತಾನೆ, ಕೆಳಗೆ ಚಾಪೆಯ ಮೇಲೆ ಹಣ್ಣು ಆಯುವವನು ತಾನು, ಮರ ಹತ್ತುವಾಗ ಸೊಂಟಕ್ಕೆ ಸುತ್ತುವ ಎರಡನೆಯ ಪಟ್ಟಿ ಒಣಗರಿಯ ಬುಡಕ್ಕೆ ಸುಮ್ಮನೆ ನೇತಾಡುತ್ತಿದೆ. ಅದನ್ನು ನೇಯ್ದದ್ದು ತೋಟದ ಧಣಿ ಕಫೀಲನ ತಂದೆ, ಬಿಚ್ಚಿ ಉದ್ದ ಮಾಡುವ ಮಾತೇ ಇಲ್ಲ, ಸೊಂಟದಲ್ಲಿ ಪಟ್ಟಿಯ ತುದಿಗಳು ಕೂಡದವನ ಭಾರವನ್ನು ಹಗ್ಗ ಹೊರುವುದಿಲ್ಲ ಎಂಬುದು ಆ ಮನೆಯ ಕಟ್ಟಳೆ. ಪಂಪ್‌ಶೆಡ್ಡಿನಲ್ಲಿ ಕಾವಲಿಗೆ ಕೂತು ಕೂತು, ಕಫೀಲನ ಮನೆಯ ಕುರಿಮಾಂಸದ ಅನ್ನ ತಿಂದು ತಿಂದು ಬಂದ ಹೊಟ್ಟೆ, ತಾನಾಗಿ ನಿಲ್ಲುವ ಹೊಸ ಪಂಪು ಬಂದಾಗ ಕಾವಲಿನವನು ಬೇಡವಾದ, ಮರ ಹತ್ತುವವನಾದರೆ ಇರು, ಇಲ್ಲವಾದರೆ ಹಜ್ಜಿಗೆ ಮುಂಚೆ ಊರಿಗೆ ಹೋಗು, ಇವತ್ತು ಸಂಜೆ ಬಂದು ನೋಡುತ್ತೇನೆ ಎಂದಿದ್ದಾನೆ ಕಫೀಲ — ಹಜ್ಜಿಗೆ ಮುಂಚೆ, ಅಷ್ಟು ಸುಲಭವಾಗಿ ಅಂದುಬಿಟ್ಟ, ಊರಿನಲ್ಲಿ ಉಮ್ಮ ಹಜ್ಜಿಗೆ ಹೊರಟು ನಿಂತಿದ್ದಾಳೆ, ಇಲ್ಲಿ ಜೊತೆಗೆ ನಿಲ್ಲಲು ಮಗನಿಲ್ಲದ ಹೆಂಗಸನ್ನು ಯಾರು ಕಾಬಾದ ಹತ್ತಿರ ಬಿಟ್ಟಾರು.

ಊರಿನಲ್ಲೇ ಉಳಿಯಬೇಕಾದ ತಮ್ಮ ಶರೀಫ್ ಕಳಿಸಿದ ಕ್ಯಾಸೆಟ್ಟಿನಲ್ಲಿ ಅವಳ ಸ್ವರ, ನಡುನಡುವೆ ಕೋಳಿಯ ಕೂಗು, ಹಜ್ಜಿಗೆ ಹೊರಡುವ ಮುಂಚೆ ಮನೆಮನೆಗೂ ಹೋಗಿ ಬಂದೆ ಮಗಾ, ನನ್ನಿಂದ ತಪ್ಪಾಗಿದ್ದರೆ ಬಿಟ್ಟುಬಿಡಿ ಎಂದು ಎಲ್ಲರ ಕೈ ಹಿಡಿದೆ, ವರ್ಷಗಟ್ಟಲೆ ಮಾತು ಬಿಟ್ಟಿದ್ದ ಝೈಬುನ್ನಿಸಾಳ ಅಂಗಳಕ್ಕೂ ಹೋದೆ, ಅವಳು ಅತ್ತಳು, ನಾನೂ ಅತ್ತೆ — ಹಾಗೆ ಎಲ್ಲರ ಮನ್ನಿಪ್ಪು ಪಡೆದು ಬಂದ ಮೇಲೆ ಹೋಗದೆ ಉಳಿದವಳು ಯಾವ ಮುಖ ಹೊತ್ತು ಆ ಅಂಗಳಗಳನ್ನು ದಾಟುವುದು? ರಮಳಾನಿನಲ್ಲಿ ತನಗೆ ಜ್ವರ ಬಂದು ತಪ್ಪಿದ ನೋಂಬುಗಳು ಸಾಲವಾಗಿ ಉಳಿದಿದ್ದವು, ಅವನ್ನೇ ಹಿಡಿದ, ದೇವರ ಸಾಲವೂ ತೀರಲಿ ಹೊಟ್ಟೆಯೂ ಇಳಿಯಲಿ ಎಂದು, ಮೊದಮೊದಲು ಇಳಿಯಿತು, ಗೇಣು ಅಗಲ ಬಾಯಿ ಬಿಡುತ್ತಿದ್ದ ಪಟ್ಟಿ ಹತ್ತಿರ ಹತ್ತಿರ ಬಂತು, ಈ ತುದಿಯ ಕೊಕ್ಕೆಗೂ ಆ ತುದಿಯ ಬಳೆಗೂ ನಡುವೆ ಎರಡು ಬೆರಳು, ಅಲ್ಲಿಗೆ ನಿಂತಿತು. ಬೆಳಗಿನ ಜಾವದ ಊಟ ಬಿಟ್ಟ, ಸಂಜೆ ನೋಂಬು ಬಿಡುವಾಗ ನೀರು ಮತ್ತು ಅರ್ಧ ರೊಟ್ಟಿ, ರಾತ್ರಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಡೆದ, ಎರಡು ಬೆರಳು. ಸೂಡಾನಿ ಡಾಕ್ಟರು ರೆಪ್ಪೆ ಎಳೆದು ನೋಡಿ ನಕ್ಕರು, ಬರಗಾಲ ಬಂತೆಂದು ನಿನ್ನ ಮೈ ಒಂಟೆಯ ಹಾಗೆ ಕೊಬ್ಬು ಬಚ್ಚಿಟ್ಟುಕೊಂಡಿದೆ, ತಿನ್ನು, ಈಗ ತಿನ್ನುವುದರ ಎರಡರಷ್ಟು ತಿನ್ನು, ಮೈಗೆ ಧೈರ್ಯ ಬಂದರೆ ಕೊಬ್ಬನ್ನು ಅದೇ ಬಿಡುತ್ತದೆ — ತಿಂದರೆ ಇಳಿಯುತ್ತದಂತೆ, ಯಾರಾದರೂ ಕೇಳಿದ್ದುಂಟಾ, ತಿಂದು ಬಂದ ಹೊಟ್ಟೆ ತಿಂದು ಹೋಗುತ್ತದಂತೆ.

ಪಟ್ಟಿ ಸುತ್ತಿ ನೋಡಿದ. ಉಸಿರು ಒಳಗೆಳೆದ, ಇನ್ನೂ ಎಳೆದ, ಮರಗಳೆಲ್ಲ ಒಂದು ಸುತ್ತು ತಿರುಗಿ ನಿಂತವು, ಮೊಣಕಾಲು ಮರಳಿಗೆ ಹೂತಿತ್ತು, ನೋಣಯ ಯಾವಾಗ ಇಳಿದು ಬಂದನೋ, ಮುಂದೆ ಅವನು ಇಟ್ಟ ಮಧ್ಯಾಹ್ನದ ತಟ್ಟೆ, ಅನ್ನದ ಮೇಲೆ ಮಾಂಸದ ಆವಿ.

ಬ್ಯಾರಿಗಳೇ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ, ಈ ಉಪವಾಸ ದೇವರಿಗಾ, ಆ ಪಟ್ಟಿಗಾ? ಎಂದ ನೋಣಯ.

ಇದಿನಬ್ಬ ತಟ್ಟೆಯನ್ನೇ ನೋಡಿದ. ಪ್ರತಿ ಮುಂಜಾನೆ ಬಾಯಿ ಹೇಳಿದ್ದು ದೇವರ ಹೆಸರು, ಮನಸ್ಸು ಸುತ್ತಿದ್ದು ಸೊಂಟವನ್ನು, ಹಾಗಾದರೆ ಹಿಡಿದ ಯಾವ ನೋಂಬೂ ದೇವರಿಗೆ ಮುಟ್ಟಿಲ್ಲ, ಎಲ್ಲ ಬಾಕಿ, ಪಡೆಯಬೇಕಾದವನಿಗೂ ಕೊಟ್ಟವನಿಗೂ ಸೇರದೆ ನಡುವೆ ಬಿದ್ದ ಹಸಿವು — ಕೈ ತಟ್ಟೆಗೆ ಹೋಯಿತು, ನಡುಮಧ್ಯಾಹ್ನ, ಹಿಡಿದ ನೋಂಬನ್ನು ಮುರಿದು, ತುತ್ತು ಗಂಟಲಲ್ಲಿ ಇಳಿಯಿತು, ಮತ್ತೊಂದು, ತುಪ್ಪದ ಬಿಸಿ, ಎರಡರಷ್ಟು ತಿನ್ನು, ಸಂಜೆಯೊಳಗೆ ಮೈಗೆ ಧೈರ್ಯ ಬರುತ್ತದಾ ಡಾಕ್ಟರೇ, ಉಮ್ಮಾ ನೀನು ಇನ್ನೂ ಪೆಟ್ಟಿಗೆ ಕಟ್ಟಬೇಡ, ಇಲ್ಲ ಕಟ್ಟು, ಕಟ್ಟಿಯೇ ಇರು, ಸಾಲ ಹಾಗೇ ಇದೆ, ಇನ್ನೊಂದು ತುತ್ತು, ಸೊಂಟದಿಂದ ತೆಗೆಯದ ಪಟ್ಟಿ ಉಬ್ಬಿದ ಉಸಿರಿಗೆ ಸಿಕ್ಕಿ ನಿಂತಿದೆ, ಈ ಕಡೆ ಕೊಕ್ಕೆ, ಆ ಕಡೆ ಬಳೆ, ನಡುವೆ ಬೆವರಿದ ಚರ್ಮ, ಎರಡು ಬೆರಳು, ಎರಡೇ ಬೆರಳು